‘ಕೊಳ್ಳುತ್ತೀರಾ?’ ಎಂದು ಕೇಳಿದರೆ ಎಲ್ಲರೂ ಹ್ಞೂಂ ಅಂತಾರೆ: ಬಳ್ಳಾರಿಯಲ್ಲಿ ಗ್ರಾಹಕ ವರ್ತನೆ ಓದಿ ಸರ್ವೆ ಮಾಡುವ ಬಗೆ

ಗ್ರಾಹಕ ವರ್ತನೆ ವಿಶ್ವವಿದ್ಯಾಲಯದಲ್ಲಿ ಎರಡು ಸಲ ಎದುರಾಗುತ್ತದೆ. ಮೊದಲು ಎಂ.ಕಾಂ. ಅಥವಾ ಎಂ.ಬಿ.ಎ.ಯ ಒಂದು ಪೇಪರಾಗಿ, ಆಮೇಲೆ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಾಗಿ. ಪೇಪರಿನಲ್ಲಿ ಡಬ್ಬಿ, ಬಾಣಗಳ ಚಿತ್ರ ಬಿಡಿಸಿ ಒಳ್ಳೆಯ ಅಂಕ ತೆಗೆದವರೇ ಪ್ರಾಜೆಕ್ಟಿಗೆ ಕೂತಾಗ ಆ ಚಿತ್ರಗಳನ್ನು ಸಿದ್ಧಾಂತ ಹೇಳುವ ಎರಡನೇ ಅಧ್ಯಾಯಕ್ಕೆ ಅಂಟಿಸಿ, ಪ್ರಶ್ನಾವಳಿಯನ್ನು ಹಳೆಯ ಪ್ರಬಂಧವೊಂದರಿಂದ ಎತ್ತಿ, ಊರಿನ ಹೆಸರು ಬದಲಿಸಿಕೊಂಡು ಹೊರಡುತ್ತಾರೆ. ಹಾಗೆ ತಯಾರಾದ ಪ್ರಬಂಧದಲ್ಲಿ ಎರಡನೇ ಅಧ್ಯಾಯಕ್ಕೂ ಸರ್ವೆಯ ಲೆಕ್ಕವಿರುವ ನಾಲ್ಕನೇ ಅಧ್ಯಾಯಕ್ಕೂ ಮುಖಪರಿಚಯವೇ ಇರುವುದಿಲ್ಲ. ಬಳ್ಳಾರಿಯಲ್ಲಿ ಈ ಪೇಪರ್ ಓದಿ, ಪ್ರಾಜೆಕ್ಟ್ ಮುಗಿಸಿ, ಈಗ ಕಿರಿಯರ ಪ್ರಶ್ನಾವಳಿ ತಿದ್ದಿಕೊಡುವ ನಮಗೆ ದಿನಾ ಕಾಣುವ ತೊಂದರೆ ಇದೇ. ಸಿದ್ಧಾಂತದ ಯಾವ ಭಾಗವನ್ನು ಅಂಗಡಿ ಬಾಗಿಲಲ್ಲಿ ನಿಂತು ಪ್ರಶ್ನೆಯಾಗಿ ಕೇಳಲು ಬರುವುದಿಲ್ಲವೋ ಆ ಭಾಗಕ್ಕೆ ಪ್ರಾಜೆಕ್ಟಿನಲ್ಲಿ ಜಾಗವಿಲ್ಲ.

ಉದಾಹರಣೆಗೆ ಊರಿನದೇ ವಿಷಯ ಇಟ್ಟುಕೊಳ್ಳೋಣ. ಬಳ್ಳಾರಿಯಲ್ಲಿ ನೂರಾರು ಸಣ್ಣ ಘಟಕಗಳು ಜೀನ್ಸ್ ಹೊಲಿಯುತ್ತವೆ, ಇಲ್ಲಿನ ಮಾಲು ಹೊರ ರಾಜ್ಯಗಳಿಗೂ ಹೋಗುತ್ತದೆ. ಅದೇ ಊರಿನ ಕಾಲೇಜು ಹುಡುಗ ಮಾತ್ರ ಬ್ರಾಂಡ್ ಷೋರೂಮಿನ ಮೆಟ್ಟಿಲು ಹತ್ತುತ್ತಾನೆ. ಏಕೆ? ಒಂದು ಪ್ರಾಜೆಕ್ಟಿಗೆ ಇಷ್ಟು ಪ್ರಶ್ನೆ ಸಾಕು. ‘ಬಳ್ಳಾರಿ ನಗರದಲ್ಲಿ ಗ್ರಾಹಕರ ವರ್ತನೆ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಕಂಡರೆ ಮಾತ್ರ ಆ ದಿನವೇ ಹರಿದುಹಾಕಿ. ಯಾವ ವಸ್ತು, ಯಾರು, ಏನು ಮಾಡುವಾಗ ಎಂಬ ಮೂರೂ ಶೀರ್ಷಿಕೆಯಲ್ಲೇ ಕಾಣಬೇಕು.

ಯಾವ ಸಿದ್ಧಾಂತ ಉಳಿಯುತ್ತದೆ

1960ರ ದಶಕದ ದೊಡ್ಡ ಮಾದರಿಗಳು ಪರೀಕ್ಷೆಗೆ ಬಂದೇ ಬರುತ್ತವೆ: ನಿಕೋಸಿಯಾ 1966, ಎಂಗಲ್-ಕೊಲಾಟ್-ಬ್ಲ್ಯಾಕ್‌ವೆಲ್ 1968, ಹೋವರ್ಡ್-ಶೇಠ್ 1969. ಚಿತ್ರ ಬಿಡಿಸುವುದು ಕಲಿಯಿರಿ, ಅಂಕ ತಗೊಳ್ಳಿ, ಅಲ್ಲಿಗೆ ಬಿಡಿ. ಹೋವರ್ಡ್-ಶೇಠ್ ಮಾದರಿಯ ಪ್ರತಿ ಡಬ್ಬಿಯನ್ನು ಮೂರು ಪ್ರಶ್ನೆಗಳಿಂದ ಅಳೆಯಲು ಹೊರಟರೂ ಪ್ರಶ್ನಾವಳಿ ಆರೇಳು ಪುಟ ದಾಟುತ್ತದೆ, ಅಷ್ಟು ಹೊತ್ತು ನಿಂತು ಉತ್ತರಿಸುವವರು ಯಾರೂ ಇಲ್ಲ. ಆ ಮಾದರಿಯಿಂದ ಜೊತೆಗಿಟ್ಟುಕೊಳ್ಳಬೇಕಾದ್ದು ಒಂದೇ ವಿಚಾರ. ಮೊದಲ ಸಲ ಬೈಕ್ ಕೊಳ್ಳುವವನು ಎಲ್ಲವನ್ನೂ ವಿಚಾರಿಸುತ್ತಾನೆ, ಎರಡನೇ ಬೈಕಿಗೆ ಅರ್ಧ ವಿಚಾರಿಸುತ್ತಾನೆ, ಸೋಪಿಗೆ ಏನೂ ವಿಚಾರಿಸುವುದಿಲ್ಲ. ನೀವು ಆರಿಸಿಕೊಂಡ ವಸ್ತು ಈ ಮೂರರಲ್ಲಿ ಯಾವ ಸಾಲಿನದು ಎಂದು ತಿಳಿದರೆ ಅರ್ಧ ಪ್ರಶ್ನೆಗಳು ತಾವಾಗಿ ಬಿದ್ದುಹೋಗುತ್ತವೆ. ಸೋಪು ಕೊಳ್ಳುವವರಿಗೆ ‘ಖರೀದಿಗೆ ಮುನ್ನ ಯಾವ ಮೂಲಗಳಿಂದ ಮಾಹಿತಿ ಪಡೆದಿರಿ?’ ಎಂದು ಕೇಳುವ ಪ್ರಬಂಧಗಳು ಇವತ್ತಿಗೂ ಬರುತ್ತಿವೆ. ಕೇಳಿದರೆ ಪಾಪ, ಅವರು ಏನೋ ಒಂದು ಟಿಕ್ ಹಾಕುತ್ತಾರೆ.

ಮ್ಯಾಸ್ಲೋನ 1943ರ ಅಗತ್ಯಗಳ ಶ್ರೇಣಿಯನ್ನೂ ಪ್ರಾಜೆಕ್ಟಿಗೆ ತರಬೇಡಿ. ಜೀನ್ಸ್ ಯಾವ ಮೆಟ್ಟಿಲಿನದು ಎಂದು ಗೈಡ್ ಕೇಳಿದರೆ ಐದೂ ಮೆಟ್ಟಿಲಿಗೆ ವಾದ ಹೂಡಬಹುದು. ಎಲ್ಲದಕ್ಕೂ ಹೊಂದುವ ಸಿದ್ಧಾಂತದಿಂದ ಪ್ರಶ್ನೆ ಹುಟ್ಟುವುದಿಲ್ಲ.

ಇಡೀ ಪಠ್ಯದಲ್ಲಿ ನಿಧಾನವಾಗಿ ಓದಬೇಕಾದ್ದು, ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರದ ಬಗೆಗಿನ ಭಾಗ. ಅಮೆರಿಕದಲ್ಲಿ ಚೀನೀಯರ ಮೇಲೆ ತಾತ್ಸಾರ ಜೋರಾಗಿದ್ದ ಕಾಲದಲ್ಲಿ ರಿಚರ್ಡ್ ಲ್ಯಾಪಿಯರ್ ಎಂಬ ಸಮಾಜಶಾಸ್ತ್ರಜ್ಞ ಚೀನೀ ದಂಪತಿಯ ಜೊತೆ ದೇಶ ಸುತ್ತಿ 250ರಷ್ಟು ವಸತಿಗೃಹ, ಹೋಟೆಲುಗಳಿಗೆ ಹೋದ. ಇವರನ್ನು ಸೇರಿಸದೆ ವಾಪಸು ಕಳಿಸಿದ್ದು ಒಂದೇ ಕಡೆ. ಕೆಲವು ತಿಂಗಳ ಬಳಿಕ ಅದೇ ಜಾಗಗಳಿಗೆ ‘ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ?’ ಎಂದು ಪತ್ರ ಬರೆದಾಗ ಉತ್ತರ ಕಳಿಸಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. 1934ರಲ್ಲಿ ಇದು ಪ್ರಕಟವಾದ ಮೇಲೆ, ಮನೋಭಾವ ಕೇಳಿ ವರ್ತನೆ ಹೇಳುತ್ತೇನೆ ಎನ್ನುವವರು ಒಂದು ಉತ್ತರ ಕೊಡಲೇಬೇಕಾಯಿತು. ಅದರಲ್ಲಿ ಹೆಚ್ಚು ಬಾಳಿದ್ದು ಐಸೆಕ್ ಆಜೆನ್ ಅವರ ಯೋಜಿತ ವರ್ತನೆಯ ಸಿದ್ಧಾಂತ. ಫಿಶ್‌ಬೈನ್ ಜೊತೆ ಕಟ್ಟಿದ ಹಳೆಯ ಮಾದರಿಯನ್ನು ಹಿಗ್ಗಿಸಿ 1991ರ ಲೇಖನದಲ್ಲಿ ಆಜೆನ್ ಅದಕ್ಕೆ ಪೂರ್ಣ ರೂಪ ಕೊಟ್ಟರು.

ಸ್ನಾತಕೋತ್ತರ ಪ್ರಾಜೆಕ್ಟಿಗೆ ನಾವು ಸೂಚಿಸುವುದು ಇದನ್ನೇ. ನಾಲ್ಕೇ ಭಾಗ, ನಾಲ್ಕನ್ನೂ ಅಳೆಯಬಹುದು. ಆ ವರ್ತನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಮನೋಭಾವ, ನನಗೆ ಬೇಕಾದವರು ನನ್ನಿಂದ ಏನು ಬಯಸುತ್ತಾರೆ ಎಂಬ ಲೆಕ್ಕ, ಅದು ನನ್ನ ಕೈಲಾಗುತ್ತದೆಯೇ ಎಂಬ ಹಿಡಿತ. ಈ ಮೂರೂ ಸೇರಿ ನಾಲ್ಕನೆಯದಾದ ಉದ್ದೇಶ, ಉದ್ದೇಶದಿಂದ ವರ್ತನೆ. ಜೀನ್ಸಿಗೆ ಇಳಿಸಿದರೆ ‘ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಕೊಟ್ಟ ದುಡ್ಡಿಗೆ ಬಾಳಿಕೆ ಬರುತ್ತದೆ’ ಎಂಬುದು ಮನೋಭಾವದ ವಾಕ್ಯ. ‘ನಾನು ಬ್ರಾಂಡ್ ಜೀನ್ಸನ್ನೇ ಹಾಕಬೇಕೆಂದು ನನ್ನ ಗೆಳೆಯರು ಬಯಸುತ್ತಾರೆ’ ಎಂಬುದು ಎರಡನೆಯದು, ಅದೂ ಉಲ್ಟಾ ದಿಕ್ಕಿನದು. ‘ನನ್ನ ಸೈಜಿನ ಸ್ಥಳೀಯ ಜೀನ್ಸ್ ಎಲ್ಲಿ ಸಿಗುತ್ತದೆಂದು ನನಗೆ ಗೊತ್ತು’, ‘ಯಾವುದು ಕೊಳ್ಳಬೇಕೆಂದು ನಿರ್ಧರಿಸುವವನು ನಾನೇ’ ಎಂಬುವು ಹಿಡಿತಕ್ಕೆ ಸೇರಿದವು. ಕೊನೆಯ ವಾಕ್ಯಕ್ಕೆ ಇಲ್ಲಿ ತೂಕ ಹೆಚ್ಚು, ಏಕೆಂದರೆ ಅನೇಕ ಮನೆಗಳಲ್ಲಿ ಜೀನ್ಸ್ ಹಾಕುವವನೊಬ್ಬ, ದುಡ್ಡು ಬಿಚ್ಚುವವರೊಬ್ಬರು.

ಈ ಸಿದ್ಧಾಂತದಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ವಸ್ತು, ಕ್ರಿಯೆ, ಸಂದರ್ಭ, ಕಾಲ ಈ ನಾಲ್ಕೂ ಎಲ್ಲ ಪ್ರಶ್ನೆಗಳಲ್ಲಿ ಒಂದೇ ಇರಬೇಕು. ‘ಸ್ಥಳೀಯ ಉತ್ಪನ್ನಗಳ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂದು ಮನೋಭಾವ ಕೇಳಿ, ‘ದೀಪಾವಳಿಗೆ ಬಳ್ಳಾರಿ ಜೀನ್ಸ್ ಕೊಳ್ಳುತ್ತೀರಾ?’ ಎಂದು ಉದ್ದೇಶ ಕೇಳಿದರೆ ಎರಡಕ್ಕೂ ನಂಟು ಸಿಗುವುದಿಲ್ಲ. ಆಗ ವಿದ್ಯಾರ್ಥಿ ‘ಮನೋಭಾವಕ್ಕೂ ಉದ್ದೇಶಕ್ಕೂ ಸಂಬಂಧವಿಲ್ಲ’ ಎಂದು ಬರೆದುಬಿಡುತ್ತಾನೆ. ಸಂಬಂಧ ಇಲ್ಲದ್ದು ಅವನ ಎರಡು ಪ್ರಶ್ನೆಗಳಿಗೆ. ‘ಮುಂದಿನ ದೀಪಾವಳಿಯೊಳಗೆ, ನನಗಾಗಿ, ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಕೊಳ್ಳುವುದು’ ಎಂಬ ಒಂದೇ ಸಾಲನ್ನು ಗಟ್ಟಿ ಮಾಡಿಕೊಂಡು ಎಲ್ಲ ವಾಕ್ಯಗಳನ್ನೂ ಅದರ ಸುತ್ತಲೇ ಕಟ್ಟಬೇಕು.

ಸಿಂಧನೂರು, ಮಾನ್ವಿ, ಗಂಗಾವತಿ, ಕಾರಟಗಿ ಕಡೆಯಿಂದ ಬಂದವರು ಬೀಜ, ಗೊಬ್ಬರ, ಕೀಟನಾಶಕ ಖರೀದಿಯನ್ನು ವಿಷಯವಾಗಿ ಆರಿಸುವುದುಂಟು. ಒಳ್ಳೆಯ ವಿಷಯ, ಆದರೆ ಅಲ್ಲಿ ಆಜೆನ್ ಅಷ್ಟಾಗಿ ನಡೆಯುವುದಿಲ್ಲ. ಬೀಜವನ್ನು ದಲಾಲಿ ಅಂಗಡಿಯಿಂದ ಉದ್ರಿ ತಂದು, ಬೆಳೆಯನ್ನು ಅದೇ ಅಂಗಡಿಗೆ ಹಾಕಬೇಕಾದ ರೈತನ ‘ಬ್ರಾಂಡ್ ನಿಷ್ಠೆ’ ಅಳೆದರೆ ಸಿಗುವುದು ಅವನ ಸಾಲದ ಅಳತೆ. ಆದ್ದರಿಂದ ಮೊದಲ ಪ್ರಶ್ನೆಯೇ ‘ಈ ಸಲದ ಬೀಜ ನಗದಿಗೆ ತಂದಿರೋ ಉದ್ರಿಗೋ?’ ಎಂದಿರಲಿ, ಮುಂದಿನ ಕೋಷ್ಟಕಗಳೆಲ್ಲ ಈ ಎರಡು ಗುಂಪಾಗಿಯೇ ಬರಲಿ.

ಹೊಸ ತಳಿ ಹರಡಿದ ಬಗೆ ಬೇಕಾದವರಿಗೆ ಎವರೆಟ್ ರೋಜರ್ಸ್ 1962ರಲ್ಲಿ ಮುಂದಿಟ್ಟ ಹಂಚಿಕೆ ಇದೆ. ಹೊಸದನ್ನು ಎಲ್ಲರಿಗಿಂತ ಮೊದಲು ಹಿಡಿದವರಿಂದ ಕೊನೆಗೆ ಹಿಡಿದವರವರೆಗೆ ಐದು ಗುಂಪು: ಶೇ 2.5, 13.5, 34, 34, 16. ಈ ಅಂಕಿಗಳನ್ನು ಯಾವುದೋ ಊರಿನಲ್ಲಿ ಎಣಿಸಿ ಪಡೆದದ್ದಲ್ಲ. ಎಲ್ಲರೂ ಹೊಸದನ್ನು ಹಿಡಿದ ಕಾಲದ ಸರಾಸರಿ, ಅದರ ಮಾನಕ ವಿಚಲನೆ ಇಟ್ಟುಕೊಂಡು ಗಂಟೆಯಾಕಾರದ ರೇಖೆಯನ್ನು ಕತ್ತರಿಸಿದಾಗ ಬರುವ ಪಾಲುಗಳು. ಹಾಗಾಗಿ ‘ನಮ್ಮ ಮಾದರಿಯಲ್ಲಿ ಶೇ 2.5ರ ಬದಲು ಶೇ 11 ಬಂದಿದೆ, ಸಿದ್ಧಾಂತ ತಪ್ಪು’ ಎಂದು ಬರೆಯುವುದು ನಗೆಪಾಟಲಾಗುತ್ತದೆ. ಬೇಕಾದ್ದು ಪ್ರತಿ ರೈತ ಆ ಬೀಜವನ್ನು ಮೊದಲ ಸಲ ಹಾಕಿದ ವರ್ಷ. ಇದರ ಹಿಂದೆ 1943ರ ರಯಾನ್ ಮತ್ತು ಗ್ರಾಸ್ ಅಧ್ಯಯನವಿದೆ. ಅಯೋವಾದ 259 ಮೆಕ್ಕೆಜೋಳದ ರೈತರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಹೈಬ್ರಿಡ್ ಬೀಜಕ್ಕೆ ಬಂದಿದ್ದರು. ಬೀಜದ ಸುದ್ದಿ ಮೊದಲು ತಂದವರು ಹೆಚ್ಚಾಗಿ ಮಾರಾಟಗಾರರು, ಮನಸ್ಸು ಒಪ್ಪಿಸಿದವರು ಪಕ್ಕದ ಹೊಲದವರು. ರಾಯಚೂರಿನ ಹತ್ತಿ ರೈತರಿಗೆ, 2002ರಲ್ಲಿ ಭಾರತದಲ್ಲಿ ಅನುಮತಿ ಸಿಕ್ಕ ಬಿಟಿ ಹತ್ತಿಯ ಬಗ್ಗೆ ‘ಮೊದಲು ಹೇಳಿದವರು ಯಾರು? ಹಾಕಿಯೇ ಬಿಡೋಣ ಅನ್ನಿಸಿದ್ದು ಯಾರ ಹೊಲ ನೋಡಿ?’ ಎಂದು ಬೇರೆ ಬೇರೆಯಾಗಿ ಕೇಳುವುದು ಇಂದಿಗೂ ಸಾರ್ಥಕ.

ಪ್ರಶ್ನಾವಳಿ

ಕೆಲಸದ ಮುಕ್ಕಾಲು ಪಾಲು ಇಲ್ಲಿದೆ. ‘ಕೊಳ್ಳುತ್ತೀರಾ?’ ಎಂಬ ಪ್ರಶ್ನೆಗೆ ಬಳ್ಳಾರಿಯ ಜನ ಹ್ಞೂಂ ಅಂತಾರೆ. ಎದುರು ನಿಂತ ವಿದ್ಯಾರ್ಥಿಗೆ ಇಲ್ಲ ಅನ್ನುವುದು ಮರ್ಯಾದೆ ಅಲ್ಲ ಎಂಬುದು ಅವರ ಲೆಕ್ಕ. ‘ಸ್ಥಳೀಯ ಕೈಗಾರಿಕೆಗೆ ಬೆಂಬಲ ಕೊಡುತ್ತೀರಾ?’ ಎಂದರಂತೂ ನೂರಕ್ಕೆ ನೂರು. ಉದ್ದೇಶದ ಪ್ರಶ್ನೆ ಬೇಕು, ಆದರೆ ಅದಕ್ಕೆ ಮೊದಲು ಕೊನೆಯ ಖರೀದಿಯ ಪೂರ್ತಿ ವಿವರ ಹಿಡಿದುಕೊಳ್ಳಬೇಕು. ಕೊನೆಯ ಜೀನ್ಸ್ ಕೊಂಡದ್ದು ಯಾವಾಗ, ಯಾವ ಅಂಗಡಿಯಲ್ಲಿ, ಜೊತೆಗೆ ಯಾರಿದ್ದರು, ಎಷ್ಟು ಹಾಕಿ ನೋಡಿದಿರಿ, ಅಂಗಡಿಯವರು ಮೊದಲು ಹೇಳಿದ ಬೆಲೆ ಎಷ್ಟು, ಚೌಕಾಸಿ ಮಾಡಿ ಕೊಟ್ಟದ್ದೆಷ್ಟು, ದುಡ್ಡು ಯಾರದು, ಮನೆಯಿಂದ ಹೊರಡುವಾಗ ಬ್ರಾಂಡ್ ಮನಸ್ಸಿನಲ್ಲಿತ್ತೇ. ಈ ಎಂಟು ಪ್ರಶ್ನೆಗೆ ಯಾರೂ ಶಿಷ್ಟಾಚಾರಕ್ಕೆ ಉತ್ತರ ಕೊಡುವುದಿಲ್ಲ, ನೆನಪಿದ್ದದ್ದನ್ನೇ ಹೇಳುತ್ತಾರೆ. ನೆನಪಿಗೂ ಗಡುವಿದೆ. ಜೀನ್ಸಿಗೆ ಆರು ತಿಂಗಳೊಳಗಿನ ಖರೀದಿ ಸಾಕು, ಸೋಪು ಎಣ್ಣೆಗೆ ಒಂದು ವಾರ, ಬೈಕು ಫ್ರಿಜ್ಜಿಗೆ ಗಡುವು ಬೇಕಿಲ್ಲ, ಬಿಲ್ಲೇ ಮನೆಯಲ್ಲಿರುತ್ತದೆ. ಆರು ತಿಂಗಳಲ್ಲಿ ಕೊಂಡಿಲ್ಲದವರನ್ನು ಮೊದಲ ಪ್ರಶ್ನೆಯಲ್ಲೇ ಸೋಸಿ ಕಳಿಸಿ.

ವಾಕ್ಯ ರಚಿಸುವಾಗ ಬರುವ ಹಳೇ ರೋಗ, ಎರಡು ವಿಷಯವನ್ನು ಒಂದೇ ಪ್ರಶ್ನೆಗೆ ತುರುಕುವುದು. ‘ಬೆಲೆ ಮತ್ತು ಗುಣಮಟ್ಟ ತೃಪ್ತಿಕರವಾಗಿದೆ.’ ಬೆಲೆ ಸರಿಯಿದ್ದು ಹೊಲಿಗೆ ಬಿಚ್ಚಿದರೆ ಏನು ಟಿಕ್ ಮಾಡಬೇಕು? ‘ಮತ್ತು’, ‘ಹಾಗೂ’, ‘ಅಥವಾ’ ಇರುವ ವಾಕ್ಯಗಳನ್ನೆಲ್ಲ ಹುಡುಕಿ ಒಡೆಯಿರಿ.

ಲೈಕರ್ಟ್ 1932ರಲ್ಲಿ ಕೊಟ್ಟ ಐದು ಹಂತದ ಅಳತೆ ಕಾಗದದ ಮೇಲೆ ಸಲೀಸು, ಬಾಯಲ್ಲಿ ಓದಿ ಕೇಳಿಸುವಾಗ ಕಷ್ಟ. ‘ಬಲವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ...’ ಎಂದು ಓದಿ ಮುಗಿಸುವಷ್ಟರಲ್ಲಿ ಎದುರಿನವರು ‘ನೀವಾ ಯಾವ್ದಾರಾ ಹಾಕ್ಕೊಳ್ರಿ’ ಅಂದಿರುತ್ತಾರೆ. ಇದಕ್ಕೆ ಮದ್ದು, ಅಳತೆಯನ್ನು ಎರಡು ಮೆಟ್ಟಿಲು ಮಾಡುವುದು. ಮೊದಲು ‘ಈ ಮಾತು ಹೌದಂತೀರೋ, ಅಲ್ಲಂತೀರೋ?’ ಎಂದು ಕೇಳಿ, ಆಮೇಲೆ ‘ಪೂರ್ತಿನೋ, ಸ್ವಲ್ಪನೋ?’ ಎನ್ನಿ. ಎರಡೂ ಹೇಳದವರಿಗೆ 3. ಐದು ಹಂತವೂ ಸಿಗುತ್ತದೆ, ಎಲ್ಲರೂ ನಡುವಿನ ಅಂಕಿಗೆ ಜಾರುವುದೂ ತಪ್ಪುತ್ತದೆ. ಕನ್ನಡದ ಪ್ರತಿಯ ಜೊತೆ ತೆಲುಗು, ಉರ್ದು ಬಲ್ಲ ಗೆಳೆಯರಿಂದಲೂ ಒಂದೊಂದು ಪ್ರತಿ ಮಾಡಿಸಿ. ಮೂಲವನ್ನು ನೋಡಿರದ ಇನ್ನೊಬ್ಬರು ಅದನ್ನು ತಿರುಗಿ ಕನ್ನಡಕ್ಕೆ ತರಲಿ. ಅರ್ಥ ಎಲ್ಲಿ ತಪ್ಪಿತೆಂಬುದು ಆಗ ಕಣ್ಣಿಗೆ ಬೀಳುತ್ತದೆ.

ಉದ್ದದ ಲೆಕ್ಕ: ನಾಲ್ಕು ಭಾಗಕ್ಕೆ ನಾಲ್ಕರಂತೆ 16 ವಾಕ್ಯ, ಕೊನೆಯ ಖರೀದಿಯ 8 ಪ್ರಶ್ನೆ, ಹಿನ್ನೆಲೆಯ 6. ಒಟ್ಟು 30. ನಿಂತವರ ತಾಳ್ಮೆ ಹತ್ತು ಹನ್ನೆರಡು ನಿಮಿಷ, ಇದು ಅಷ್ಟರಲ್ಲಿ ಮುಗಿಯುತ್ತದೆ. ಸೇವಾ ಗುಣಮಟ್ಟ ಅಳೆಯುವ ಸರ್ವ್‌ಕ್ವಾಲ್‌ನ ಮೇಲೆ ನಮ್ಮ ವಿಭಾಗಗಳಿಗೆ ವಿಪರೀತ ಮೋಹ. ಪರಶುರಾಮನ್, ಝೈತಮಲ್, ಬೆರಿ ಅವರ 1988ರ ಆ ಪಟ್ಟಿಯಲ್ಲಿ 22 ವಾಕ್ಯ, ಅದನ್ನು ನಿರೀಕ್ಷೆಗೊಮ್ಮೆ, ಅನುಭವಕ್ಕೊಮ್ಮೆ ಕೇಳಬೇಕು, ಅಂದರೆ 44. ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವರಿಗೆ ಕೇಳಬಹುದೇನೋ, ರಸ್ತೆಯಲ್ಲಿ ಆಗದು. ಕ್ರೋನಿನ್ ಮತ್ತು ಟೇಲರ್ 1992ರಲ್ಲಿ ಸೂಚಿಸಿದಂತೆ ಅನುಭವದ 22 ಮಾತ್ರ ಕೇಳಿದರೂ ಫಲಿತಾಂಶ ಕೆಡುವುದಿಲ್ಲ.

ಆದಾಯದ ಪ್ರಶ್ನೆ ಬಹುತೇಕ ಪ್ರಾಜೆಕ್ಟುಗಳಲ್ಲಿ ಸುಳ್ಳಿನ ಕಂತೆ. ‘ತಿಂಗಳ ಆದಾಯ’ ಎಂಬುದು ಸಂಬಳದವರಿಗೆ ಸರಿ. ಭತ್ತ ಮಾರಿದಾಗ ದುಡ್ಡು ಕಾಣುವ ರೈತನಿಗೆ, ಪೀಸ್ ಲೆಕ್ಕದಲ್ಲಿ ಹೊಲಿಯುವ ಕಾರ್ಮಿಕಳಿಗೆ ಅದಕ್ಕೆ ಉತ್ತರವೇ ಇಲ್ಲ. ಮಾರುಕಟ್ಟೆ ಸಂಶೋಧನಾ ಕಂಪನಿಗಳು 2011ರಿಂದ ಬಳಸಿದ ಎನ್‌ಸಿಸಿಎಸ್ ವರ್ಗೀಕರಣ ಆದಾಯ ಕೇಳುವುದೇ ಇಲ್ಲ. ಮನೆಗೆ ಹೆಚ್ಚು ದುಡಿದು ಹಾಕುವವರ ಓದು, ಪಟ್ಟಿಯಲ್ಲಿರುವ 11 ವಸ್ತುಗಳಲ್ಲಿ ಮನೆಯಲ್ಲಿ ಎಷ್ಟಿವೆ ಎಂಬ ಎಣಿಕೆ, ಇವೆರಡರಿಂದ 12 ದರ್ಜೆಗಳಲ್ಲಿ ಒಂದಕ್ಕೆ ಸೇರಿಸುತ್ತದೆ. ಹಳ್ಳಿಯಲ್ಲಾದರೆ ‘ನೀರಾವರಿ ಎಷ್ಟೆಕರೆ, ಖುಷ್ಕಿ ಎಷ್ಟು?’ ಎಂದು ಕೇಳುವುದು ಇನ್ನೂ ವಾಸಿ.

ಬೆಲೆಯ ವಿಷಯದಲ್ಲೂ ‘ಎಷ್ಟು ಕೊಡಲು ಸಿದ್ಧ?’ ಎನ್ನಬೇಡಿ, ಚೌಕಾಸಿಯ ಊರಿನಲ್ಲಿ ಅದಕ್ಕೆ ಕಡಿಮೆ ಅಂಕಿಯೇ ಬರುತ್ತದೆ. ಡಚ್ ಅರ್ಥಶಾಸ್ತ್ರಜ್ಞ ವಾನ್ ವೆಸ್ಟೆನ್‌ಡಾರ್ಪ್ 1976ರಲ್ಲಿ ಕೊಟ್ಟ ನಾಲ್ಕು ಪ್ರಶ್ನೆಗಳು ಇಲ್ಲಿ ಚೆನ್ನಾಗಿ ನಡೆಯುತ್ತವೆ. ಯಾವ ಬೆಲೆ ಹೇಳಿದರೆ ‘ಇಷ್ಟು ಅಗ್ಗಾನಾ, ಮಾಲು ಸರಿಯಿರಲಿಕ್ಕಿಲ್ಲ’ ಅನ್ನಿಸುತ್ತದೆ? ಯಾವುದಕ್ಕೆ ‘ಲಾಭದ ಖರೀದಿ’ ಅನ್ನಿಸುತ್ತದೆ? ಯಾವುದಕ್ಕೆ ‘ದುಬಾರಿ, ಆದರೂ ಯೋಚಿಸಬಹುದು’? ಯಾವುದಕ್ಕೆ ‘ಬೇಡವೇ ಬೇಡ’? ನಾಲ್ಕು ರೇಖೆ ಎಳೆದು ಅವು ಕೂಡುವ ಜಾಗ ನೋಡಬೇಕು. ಬಳ್ಳಾರಿ ಜೀನ್ಸ್‌ಗೊಮ್ಮೆ, ಬ್ರಾಂಡ್ ಜೀನ್ಸ್‌ಗೊಮ್ಮೆ ಕೇಳಿದರೆ ಎರಡರ ಅಂತರವೇ ಒಂದು ಅಧ್ಯಾಯಕ್ಕಾಗುತ್ತದೆ. ನಾಲ್ಕು ಬೆಲೆಗಳು ಏರಿಕೆಯ ಕ್ರಮದಲ್ಲಿಲ್ಲದ ಹಾಳೆಯನ್ನು ಲೆಕ್ಕದಿಂದ ತೆಗೆಯಿರಿ.

ಬಾಯಿಬಿಟ್ಟು ಹೇಳಲಾರದ್ದನ್ನು ತೆಗೆಯಲು ಮೇಸನ್ ಹೇರ್‌ನ 1950ರ ಉಪಾಯಕ್ಕಿಂತ ಚೆಂದದ್ದು ಪಠ್ಯದಲ್ಲಿ ಇನ್ನೊಂದಿಲ್ಲ. ಅಮೆರಿಕದ ಗೃಹಿಣಿಯರು ನೆಸ್‌ಕೆಫೆ ಇನ್‌ಸ್ಟಂಟ್ ಕಾಫಿ ಬೇಡ ಎನ್ನುತ್ತಿದ್ದರು, ಕಾರಣ ಕೇಳಿದರೆ ರುಚಿ ಸರಿಯಿಲ್ಲ ಎಂಬ ಉತ್ತರ. ಹೇರ್ ಏಳು ಸಾಮಾನಿನ ಎರಡು ಚೀಟಿ ಮಾಡಿದ. ಆರು ಸಾಮಾನು ಒಂದೇ, ಏಳನೆಯದು ಒಂದರಲ್ಲಿ ನೆಸ್‌ಕೆಫೆ, ಇನ್ನೊಂದರಲ್ಲಿ ಸೋಸುವ ಕಾಫಿಪುಡಿ. ಐವತ್ತೈವತ್ತು ಜನಕ್ಕೆ ಒಂದೊಂದು ಚೀಟಿ ಕೊಟ್ಟು, ಈ ಸಾಮಾನು ತಂದ ಹೆಂಗಸು ಎಂಥವಳೆಂದು ಬರೆಯಲು ಹೇಳಿದ. ನೆಸ್‌ಕೆಫೆ ಚೀಟಿ ಓದಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ‘ಸೋಮಾರಿ’ ಎಂದರು. ಬಳ್ಳಾರಿಗೆ ಇದನ್ನು ತರುವುದಾದರೆ ಚೀಟಿಯ ಏಳನೇ ಸಾಲಿನಲ್ಲಿ ಒಂದರಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ಅಂಗಡಿಯ ಕಡಕ್ ರೊಟ್ಟಿ ಬರೆಯಿರಿ. ಒಬ್ಬರಿಗೆ ಒಂದೇ ಚೀಟಿ ತೋರಿಸಬೇಕು, ಎರಡೂ ಕಂಡರೆ ಆಟ ಕೆಟ್ಟಿತು. ಉತ್ತರಗಳನ್ನು ಯಾವ ಚೀಟಿಯದೆಂದು ತಿಳಿಯದ ಇಬ್ಬರು ಬೇರೆ ಬೇರೆ ಕೂತು ವಿಂಗಡಿಸಲಿ.

ಎಷ್ಟು ಜನ, ಎಲ್ಲಿ, ಯಾವಾಗ

384 ಎಂಬ ಸಂಖ್ಯೆ ಎಲ್ಲ ಪ್ರಬಂಧಗಳಲ್ಲೂ ಇರುತ್ತದೆ, ಎಲ್ಲಿಂದ ಬಂತೆಂದು ಕೇಳಿದರೆ ಮೌನ. 1.96ರ ವರ್ಗವನ್ನು 0.5 ಹಾಗೂ 0.5ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ 384.16. ಶೇ 95 ವಿಶ್ವಾಸದಲ್ಲಿ ಶೇ 5 ಆಚೀಚೆಯೊಳಗೆ ಒಂದು ಪ್ರಮಾಣವನ್ನು ಅಂದಾಜಿಸಲು ಬೇಕಾದ ಸಂಖ್ಯೆ ಇದು. ಯಮಾನೆಯ ಸೂತ್ರ 1.96ನ್ನು 2 ಎಂದು ಹಿಡಿಯುವುದರಿಂದ ಅಲ್ಲಿ 400 ಆಗುತ್ತದೆ. ಎರಡೂ ಯಾದೃಚ್ಛಿಕ ಆಯ್ಕೆಗೆ ಮಾತ್ರ ಅನ್ವಯ. ಕಾಲೇಜು ಗೇಟಿನಲ್ಲಿ ಸಿಕ್ಕವರನ್ನೆಲ್ಲ ಹಿಡಿದು 384 ತುಂಬಿಸಿದರೆ ಶೇ 5ರ ಭರವಸೆ ಬರುವುದಿಲ್ಲ, 384 ಹಾಳೆ ಮಾತ್ರ ಬರುತ್ತವೆ. ಮೂರು ಕಾರಣ, ಒಂದು ಪರಿಣಾಮದ ಹಿಂಚಲನೆಗೆ (ರಿಗ್ರೆಷನ್, ಅಂದರೆ ಯಾವ ಕಾರಣಕ್ಕೆ ಪರಿಣಾಮ ಎಷ್ಟು ಬದಲಾಗುತ್ತದೆಂಬ ಲೆಕ್ಕ) ಗ್ರೀನ್ 1991ರಲ್ಲಿ ಹೇಳಿದ ಲೆಕ್ಕದಂತೆ 50ಕ್ಕೆ ಕಾರಣವೊಂದಕ್ಕೆ 8ರಂತೆ ಸೇರಿಸಿದರೆ 74 ಸಾಕು. ಅಚ್ಚುಕಟ್ಟಾದ 200 ಹಾಳೆ ಅವಸರದ 384ಕ್ಕಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ವಿಭಾಗ ಒಪ್ಪುತ್ತದೆಯೇ ಎಂದು ಸಿನಾಪ್ಸಿಸ್ (ಪ್ರಾಜೆಕ್ಟಿನ ಸಾರಾಂಶ) ಕೊಡುವ ಹಂತದಲ್ಲೇ ಕೇಳಿ. 2010ರಲ್ಲಿ ಶುರುವಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಲ್ಲದೆ ಈಗ ರಾಯಚೂರು, ಕೊಪ್ಪಳಕ್ಕೂ ಅವುಗಳದೇ ವಿಶ್ವವಿದ್ಯಾಲಯಗಳಿವೆ, ಒಂದರ ನಮೂನೆ ಇನ್ನೊಂದಕ್ಕೆ ಆಗಲಿಕ್ಕಿಲ್ಲ.

ಗೂಗಲ್ ಫಾರ್ಮ್ ಕಳಿಸಿದರೆ ಒಂದೇ ರಾತ್ರಿಗೆ ನೂರು ಉತ್ತರ ಬರುತ್ತವೆ, ಎಲ್ಲ ಒಂದೇ ಹಾಸ್ಟೆಲಿನವು. ಎಲ್ಲಕ್ಕೂ 3, 3, 3 ಒತ್ತಿದವರೂ ಅದರಲ್ಲಿರುತ್ತಾರೆ, ಫಾರ್ಮ್ ಸಲ್ಲಿಸಿದ ಹೊತ್ತು ದಾಖಲಾಗುತ್ತದೆಯೇ ಹೊರತು ತುಂಬಲು ಹಿಡಿದ ಹೊತ್ತಲ್ಲ. ಅಂಗಡಿ ಬಾಗಿಲಲ್ಲಿ ನಿಲ್ಲುವುದೇ ವಾಸಿ. ಬೆಂಗಳೂರು ರೋಡಿನ ಬಟ್ಟೆ ಅಂಗಡಿಗಳಾಗಲಿ, ಕೌಲ್ ಬಜಾರಾಗಲಿ, ಕೈಯಲ್ಲಿ ಚೀಲ ಹಿಡಿದು ಹೊರಬರುವ ಪ್ರತಿ ಐದನೇ ಗಿರಾಕಿಯನ್ನು ಕೇಳಿ. ಒಳಹೋಗುವವರನ್ನು ತಡೆಯಬೇಡಿ, ಮಾಲೀಕರು ಎರಡನೇ ದಿನ ನಿಲ್ಲಲು ಬಿಡುವುದಿಲ್ಲ. ಒಲ್ಲೆನೆಂದವರನ್ನೂ ಗಂಡು, ಹೆಣ್ಣು, ಅಂದಾಜು ವಯಸ್ಸೆಂದು ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ಸಿಕ್ಕವರು ಎಂಥವರು, ಸಿಗದವರು ಎಂಥವರು ಎಂದು ಬರೆಯಲು ಬೇರೆ ದಾರಿಯಿಲ್ಲ.

ಅಂಗಡಿಯವರಿಗೆ ಕಾಗದ ಹಿಡಿದು ಬಂದವರೆಲ್ಲ ತೆರಿಗೆಯವರಂತೆ ಕಾಣುತ್ತಾರೆ. ವಿಭಾಗದ ಮುದ್ರೆಯಿರುವ ಪತ್ರ ಕನ್ನಡದಲ್ಲೇ ಇರಲಿ, ‘ವ್ಯಾಪಾರದ ಲೆಕ್ಕ ಕೇಳುವುದಿಲ್ಲ’ ಎಂಬ ಸಾಲು ಅದರಲ್ಲಿರಲಿ. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಯಾರೂ ರಸ್ತೆಯಲ್ಲಿ ನಿಲ್ಲುವುದಿಲ್ಲ, ಪ್ರಾಜೆಕ್ಟಿನ ಅವಧಿ ಬಹಳಷ್ಟು ಸಲ ಅಲ್ಲಿಗೇ ಬಂದು ಬೀಳುತ್ತದೆ. ಸಂಜೆ ಐದರ ಮೇಲೆ, ನೆರಳಿರುವ ಬದಿಯಲ್ಲಿ ನಿಲ್ಲಿ. ರಂಜಾನ್, ಯುಗಾದಿ, ದಸರಾ, ದೀಪಾವಳಿಯ ಹಿಂದಿನ ವಾರ ಗಿರಾಕಿ ಹೆಚ್ಚು, ಆದರೆ ಅದು ಹಬ್ಬದ ಖರೀದಿ. ಮಾಮೂಲಿ ದಿನಗಳ ಹಾಳೆಯ ಜೊತೆ ಬೆರೆಸುವುದಾದರೆ ಹಬ್ಬದ್ದು ಎಂದು ಗುರುತು ಹಾಕಿಡಿ. ರೈತರ ಬಳಿಗೆ ಹೋಗುವವರು ಮುಂಗಾರು ಬಿತ್ತನೆಯ ಜೂನ್, ಜುಲೈ ಬಿಡಿ. ಎಪಿಎಂಸಿಯಲ್ಲಿ ಮಾಲು ಹಾಕಿ ತೂಕಕ್ಕೆ ಕಾಯುವ ಹೊತ್ತಿನಲ್ಲಿ ಒಂದು ಗಂಟೆ ಕೂತು ಮಾತಾಡುತ್ತಾರೆ, ಚಹಾ ಅವರೇ ಹೇಳುತ್ತಾರೆ.

ಯಾರು ಉತ್ತರಿಸುತ್ತಿದ್ದಾರೆ ಎಂಬುದರ ಮೇಲೆ ಕಣ್ಣಿರಲಿ. ಗಂಡ ಹೆಂಡತಿ ಜೊತೆಗಿದ್ದರೆ ಪ್ರಶ್ನೆ ಹೆಂಡತಿಗೆ, ಉತ್ತರ ಗಂಡನದು. ಮನೆಗೆ ಹೋದರೆ ಸೊಸೆಯ ಬದಲು ಅತ್ತೆ ಹೇಳುತ್ತಾರೆ. ಪಠ್ಯದಲ್ಲಿ ಬರುವ ಡೇವಿಸ್ ಮತ್ತು ರಿಗೋ ಅವರ 1974ರ ಬೆಲ್ಜಿಯಂ ಅಧ್ಯಯನ ದಂಪತಿಗಳಿಬ್ಬರನ್ನೂ ಬೇರೆ ಬೇರೆ ಕೇಳಿತ್ತು. ಇಬ್ಬರು ಹೋದರೆ ಅದು ಇಲ್ಲೂ ಆಗುತ್ತದೆ: ಹುಡುಗ ಗಂಡಸಿನ ಹತ್ತಿರ, ಹುಡುಗಿ ಒಳಗೆ ‘ಅಕ್ಕಾರ’ ಹತ್ತಿರ.

ಪೂರ್ತಿ ಹೊರಡುವ ಮುನ್ನ 30 ಜನರ ಮೇಲೆ ಪ್ರಯೋಗ ನೋಡಿ, ಒಂದು ಭಾಗದ ವಾಕ್ಯಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆಂದು ಹೇಳುವ ಕ್ರೋನ್‌ಬ್ಯಾಕ್ ಆಲ್ಫಾ ತೆಗೆಯಿರಿ. ಒಂದೊಂದು ಭಾಗಕ್ಕೆ ಬೇರೆ ಬೇರೆ ತೆಗೆಯಬೇಕು, 30 ಪ್ರಶ್ನೆಗೂ ಸೇರಿಸಿ ಒಂದೇ ಆಲ್ಫಾ 0.88 ಎಂದು ಬರೆಯುವುದಕ್ಕೆ ಅರ್ಥವಿಲ್ಲ. 0.70 ದಾಟಿದರೆ ನಡೆಯುತ್ತದೆ. ಆಲ್ಫಾ ಋಣಾತ್ಮಕ ಬಂದರೆ ಗಾಬರಿಯಾಗಬೇಡಿ, ಉಲ್ಟಾ ವಾಕ್ಯವನ್ನು ತಿರುಗಿಸಿಲ್ಲ ಅಷ್ಟೇ. ಆ ವಾಕ್ಯದ ಅಂಕವನ್ನು 6ರಿಂದ ಕಳೆದು ಮತ್ತೆ ನೋಡಿ. 0.95 ದಾಟಿದರೆ ಒಂದೇ ಮಾತನ್ನು ನಾಲ್ಕು ಸಲ ಕೇಳಿದ್ದೀರಿ.

ಲೆಕ್ಕ ಮತ್ತು ವೈವಾ

ಉತ್ತರ ಸಿಗದ ಜಾಗಕ್ಕೆ 99 ತುಂಬಿ, ಅದು ಖಾಲಿ ಎಂದು ಅಂಕಿಅಂಶದ ಲೆಕ್ಕ ಮಾಡುವ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ಗೆ ಹೇಳದೇ ಇದ್ದರೆ ಐದರ ಅಳತೆಯಲ್ಲಿ ಸರಾಸರಿ 7.2 ಬರುತ್ತದೆ. ಅಚ್ಚಾದ ಪ್ರಬಂಧಗಳಲ್ಲೂ ಇಂಥದ್ದು ಕಾಣುತ್ತದೆ. ಎಸ್‌ಪಿಎಸ್‌ಎಸ್ ಇಲ್ಲದವರಿಗೆ ಜಮೋವಿ ಉಚಿತ, ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಪ್ರಶ್ನೆಗೊಂದು ಶೇಕಡಾ ಕೋಷ್ಟಕ, ಅದರ ಕೆಳಗೊಂದು ಪೈ ಚಿತ್ರ, ಅದರ ಕೆಳಗೆ ಕೋಷ್ಟಕವನ್ನೇ ವಾಕ್ಯ ಮಾಡಿದ ವಿವರಣೆ, ಹೀಗೆ 60 ಪುಟ ತುಂಬಿಸುವ ರೂಢಿಯನ್ನು ಮುರಿಯಿರಿ. ಹಿನ್ನೆಲೆಗೆ ಒಂದು ಕೋಷ್ಟಕ, ಕೊನೆಯ ಖರೀದಿಗೆ ಎರಡು, ಹಿಂಚಲನೆಗೆ ಒಂದು, ಬೆಲೆಗೆ ಒಂದು ಚಿತ್ರ. ಎರಡು ವರ್ಗೀಕರಣಗಳ ನಡುವೆ ಸಂಬಂಧವಿದೆಯೇ ಎಂದು ನೋಡುವ ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆ ಮಾಡುವಾಗ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಿರುವ ಕೋಶಗಳು ಐದನೇ ಒಂದು ಭಾಗ ದಾಟಿದರೆ ವರ್ಗಗಳನ್ನು ಕೂಡಿಸಿ. ಪಿ ಮೌಲ್ಯ (ನಿಜವಾದ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) 0.05ರ ಕೆಳಗೆ ಬಂದ ಕೂಡಲೇ ಹಿಗ್ಗಬೇಡಿ, ಹಾಳೆ ಹೆಚ್ಚಿದ್ದರೆ ಪುಡಿ ವ್ಯತ್ಯಾಸವೂ ಕೆಳಗೆ ಬರುತ್ತದೆ. ಪಕ್ಕದಲ್ಲಿ ಪರಿಣಾಮದ ಗಾತ್ರವನ್ನೂ ಕೊಡಿ.

ಹಿಂಚಲನೆಯ ಆರ್-ಸ್ಕ್ವೇರ್, ಅಂದರೆ ಪರಿಣಾಮದ ಏರಿಳಿತದಲ್ಲಿ ಕಾರಣಗಳು ವಿವರಿಸುವ ಪಾಲು, ಎಷ್ಟಿರಬೇಕು ಎಂದು ಎಲ್ಲರೂ ಕೇಳುತ್ತಾರೆ. ಆರ್ಮಿಟೇಜ್ ಮತ್ತು ಕಾನರ್ 2001ರಲ್ಲಿ ಈ ಸಿದ್ಧಾಂತದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಉದ್ದೇಶದ ಏರಿಳಿತದ ಶೇ 39, ವರ್ತನೆಯ ಶೇ 27ನ್ನು ಅದು ವಿವರಿಸುತ್ತಿತ್ತು. ನಿಮಗೆ ಶೇ 30 ಬಂದರೆ ತಲೆತಗ್ಗಿಸುವಂಥದ್ದೇನಿಲ್ಲ. ಶೇ 92 ಬಂದರೆ ಪರೀಕ್ಷಕರು ಕನ್ನಡಕ ಹಾಕಿಕೊಳ್ಳುತ್ತಾರೆ. ಕಂಡ ಫಲಿತಾಂಶ ಪ್ರಸಿದ್ಧ ಅಧ್ಯಯನಕ್ಕೆ ಎದುರಾದರೂ ಹಾಗೆಯೇ ಬರೆಯಿರಿ. ಅಯ್ಯಂಗಾರ್ ಮತ್ತು ಲೆಪರ್ ಅವರ 2000ದ ಜಾಮ್ ಪ್ರಯೋಗದಲ್ಲಿ 24 ಬಗೆ ಇಟ್ಟಾಗ ನಿಂತವರಲ್ಲಿ ಶೇ 3, 6 ಬಗೆ ಇಟ್ಟಾಗ ಶೇ 30 ಮಂದಿ ಕೊಂಡರು. 2010ರಲ್ಲಿ ಇಂಥ 50 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರವಿತ್ತು. ಕೌಂಟರ್ ಮೇಲೆ ಹದಿನೈದು ಜೀನ್ಸ್ ಹರವಿಸಿಕೊಂಡು ಒಂದನ್ನು ಆರಿಸಿ ಹೋಗುವ ಗಿರಾಕಿ ನಿಮ್ಮ ಹಾಳೆಯಲ್ಲಿ ಸಿಕ್ಕರೆ ಅವನನ್ನು ಮುಚ್ಚಿಡಬೇಕಿಲ್ಲ.

ಬರವಣಿಗೆಯಲ್ಲಿ ನಕಲಿನ ಗಡಿ ಯುಜಿಸಿಯ 2018ರ ನಿಯಮದಂತೆ ಶೇ 10. ಅದನ್ನು ಮೀರಿ ಶೇ 40ರವರೆಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೂ ಮೇಲಾದರೆ ಒಂದು ವರ್ಷ ತಡೆ, ಶೇ 60 ದಾಟಿದರೆ ನೋಂದಣಿಯೇ ರದ್ದು. ಪಿಎಚ್.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾದಿಂದ ಪೀಠಿಕೆ ಎತ್ತುವವರು ಸಿಕ್ಕಿಬೀಳುವುದು ಎರಡನೇ ಅಧ್ಯಾಯದಲ್ಲಿ. ಆ ಅಧ್ಯಾಯವನ್ನು ಕೊನೆಯಲ್ಲಿ, ನಿಮ್ಮ 16 ವಾಕ್ಯಗಳು ಎಲ್ಲೆಲ್ಲಿಂದ ಬಂದವು ಎಂಬ ಕ್ರಮದಲ್ಲಿ ಬರೆದರೆ ಚಿಕ್ಕದೂ ಆಗುತ್ತದೆ, ಸ್ವಂತದ್ದೂ ಆಗುತ್ತದೆ.

ವೈವಾಕ್ಕೆ ತುಂಬಿದ ಹಾಳೆಗಳ ಕಟ್ಟನ್ನು ಜೊತೆಗೆ ಒಯ್ಯಿರಿ. ಹೊರಗಿನಿಂದ ಬಂದ ಪರೀಕ್ಷಕರು ಕಟ್ಟಿನ ನಡುವಿನಿಂದ ಒಂದು ಹಾಳೆ ಎಳೆದು ‘ಇದನ್ನು ಫೈಲಿನಲ್ಲಿ ತೋರಿಸಿ’ ಎನ್ನುವುದುಂಟು. ಸರ್ವೆ ಶುರುವಾದ ದಿನದಿಂದಲೇ ಪ್ರತಿ ಹಾಳೆಯ ಮೂಲೆಯಲ್ಲಿ ಕ್ರಮಸಂಖ್ಯೆ ಬರೆದು, ಅದೇ ಸಂಖ್ಯೆಯನ್ನು ಎಕ್ಸೆಲ್‌ನ ಮೊದಲ ಕಾಲಮ್ಮಿನಲ್ಲಿ ಹಾಕಿದ್ದರೆ ತೋರಿಸಲು ಅರ್ಧ ನಿಮಿಷ ಸಾಕು. ಹಾಳೆಯ ಮೇಲೆ ಹೆಸರು, ಫೋನ್ ನಂಬರ್ ಬರೆಸಿಕೊಳ್ಳಬೇಡಿ, ಯಾವ ಲೆಕ್ಕಕ್ಕೂ ಅವು ಬೇಕಾಗುವುದಿಲ್ಲ.